ಬೀಟಾ ಹಾಕುವ ಮುನ್ನ

ಉಬುಂಟು 24.04 ಎಂದರೆ 2024ರ ನಾಲ್ಕನೇ ತಿಂಗಳ ಆವೃತ್ತಿ. ಏಪ್ರಿಲ್, ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಕೆಲವು ವಾರ ಮೊದಲು ಬೀಟಾ ಬಿಡುತ್ತಾರೆ. ಅದು ದೋಷ ಹುಡುಕಿ ತಿಳಿಸಲಿಕ್ಕೆ, ದಿನನಿತ್ಯದ ಕೆಲಸಕ್ಕಲ್ಲ.

ನಾನು ಬೀಟಾವನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯ ಕಂಪ್ಯೂಟರಿಗೆ ಚುಚ್ಚಿದೆ. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯನ್ನು ಒತ್ತುವಷ್ಟರಲ್ಲಿ ಅಬ್ಬಾ ಕೇಳಿದರು: "ತೋಟದ ಬಟವಾಡೆ ಲೆಕ್ಕ ಎಲ್ಲಿದೆ ಬೇಟಾ?" ಅದೇ ಡಿಸ್ಕಿನಲ್ಲಿತ್ತು. ಕೈ ಹಿಂದೆ ತೆಗೆದೆ.

ಕ್ರಮ ಹೀಗಿರಲಿ. ಮೊದಲು ಫೈಲುಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿ, ತೆರೆದು ನೋಡಿ. ಆಮೇಲೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಕನ್ನಡ ಕೀಬೋರ್ಡ್ ಪರೀಕ್ಷಿಸಿ. ನಮ್ಮ ಗಿರಿಯಲ್ಲಿ ಗಾಳಿಮಳೆಗೆ ಕರೆಂಟು ಹೋಗುತ್ತದೆ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಕಂಪ್ಯೂಟರ್ ಏಳದೇ ಹೋಗಬಹುದು. ಯುಪಿಎಸ್ ಇರಲಿ.

ಬಟವಾಡೆ ಲೆಕ್ಕ ಈಗ ಎರಡು ಕಡೆ ಇದೆ. ಬೀಟಾ ಇನ್ನೂ ಪೆನ್‌ಡ್ರೈವ್‌ನಲ್ಲೇ.