ನಾರುವ ಸ್ಪಂಜು, ನಾರದ ನಾರು

ಮಧುಗಿರಿ, ಕೊರಟಗೆರೆ ಕಡೆ ಮುದ್ದೆ ಪಾತ್ರೆಯ ತಳಕ್ಕೆ ಹತ್ತಿದ ಸೀಕು ಬಿಡಿಸಲು ಮೊದಲೆಲ್ಲ ತೆಂಗಿನ ನಾರು, ಒಲೆಯ ಬೂದಿ ಸಾಕಿತ್ತು. ಈಗ ಸಿಂಕಿನ ಮೂಲೆಯಲ್ಲಿ ಹಳದಿ-ಹಸಿರು ಸ್ಪಂಜು ಬಂದು ಕೂತಿದೆ. ಕೆಲವೇ ದಿನಕ್ಕೆ ಅದು ವಾಸನೆ ಹೊಡೆಯುತ್ತದೆ. ದಿನಕ್ಕೆ ಮೂರು ಹೊತ್ತು ಸೋಪಿನ ನೊರೆಯಲ್ಲೇ ಮುಳುಗೇಳುವ ವಸ್ತು ನಾರುವುದಾದರೂ ಯಾಕೆ?

ಹಳದಿ ಭಾಗವನ್ನು ಕತ್ತರಿಸಿ ನೋಡಿ. ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಗಟ್ಟಿಯಾದ ನೊರೆ. ಒಳಗೆಲ್ಲ ಒಂದಕ್ಕೊಂದು ತೆರೆದುಕೊಂಡ ಪುಟ್ಟ ಗೂಡುಗಳು. ಗೂಡು ಕಿರಿದಾದಷ್ಟೂ ನೀರು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಷ್ಟು ಹಿಂಡಿದರೂ ಪೂರ್ತಿ ಬರದು. ಆ ತೇವದಲ್ಲಿ ರಾಗಿ ಗಂಜಿ, ಸಾರಿನ ಜಿಡ್ಡು. ಬ್ಯಾಕ್ಟೀರಿಯಾಗಳಿಗೆ ಊಟ, ವಸತಿ ಎರಡೂ ಪುಕ್ಕಟೆ.

2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಮನೆಗಳಲ್ಲಿ ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿದರು. ದಟ್ಟವಾಗಿ ಬೆಳೆದ ಕಡೆ ಒಂದು ಘನ ಸೆಂಟಿಮೀಟರಿನಲ್ಲಿ 5,400 ಕೋಟಿ ಬ್ಯಾಕ್ಟೀರಿಯಾ! ಭೂಮಿಯ ಮೇಲಿನ ಜನಸಂಖ್ಯೆಯ ಆರು ಪಟ್ಟಿಗೂ ಹೆಚ್ಚು. ಕುದಿಸಿದರೆ ಸಾಯುವುದಿಲ್ಲವೇ? ಬಹುಪಾಲು ಸಾಯುತ್ತವೆ. ಆದರೆ ಆಗಾಗ ಬಿಸಿಮಾಡಿ ಶುಚಿಗೊಳಿಸುತ್ತಿದ್ದೆವು ಎಂದವರ ಸ್ಪಂಜುಗಳಲ್ಲೂ ಸಂಖ್ಯೆ ಕಡಿಮೆಯಿರಲಿಲ್ಲ. ಬದುಕುಳಿದ ಗಟ್ಟಿಪಿಂಡಗಳು ತೆರವಾದ ಜಾಗವನ್ನು ಬೇಗ ತುಂಬಿಕೊಳ್ಳುತ್ತವೆ ಎಂಬುದು ಆ ತಂಡದ ಊಹೆ. ವಾರಕ್ಕೊಮ್ಮೆ ಸ್ಪಂಜು ಬದಲಿಸಿ ಎಂದೂ ಹೇಳಿದರು. ಎರಡು ತುಂಡಾಗುವವರೆಗೂ ತಿಕ್ಕುವ ನಮಗೆ ಇದು ದುಬಾರಿ ಮಾತೇ.

ಅಲ್ಲಿ ಹೇರಳವಾಗಿ ಸಿಕ್ಕಿದ್ದು ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಅರೆಬರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆಗೂ ಇದೇ ಕಾರಣ ಎಂದು ಜಪಾನಿನವರು 2012ರಲ್ಲೇ ಗುರುತಿಸಿದ್ದರು. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರು ಹುಷಾರಾಗಿರಬೇಕು. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಡೆಸುವ ಬಿಸಿಲೂ ಇದನ್ನು ಸುಲಭವಾಗಿ ಕೊಲ್ಲಲಾರದು. ಅತಿನೇರಳೆ ಕಿರಣ ಸ್ಪಂಜಿನ ಮೇಲ್ಮೈ ದಾಟಿ ಒಳಗಿಳಿಯುವುದಿಲ್ಲ, ಮೇಲಾಗಿ ಈ ಜೀವಿ ಒಣಗನ್ನೂ ತಡೆದುಕೊಳ್ಳುತ್ತದೆ. ಹಾಗಂತ ಬಿಸಿಲು ದಂಡವಲ್ಲ: ನೀರಿಲ್ಲದೆ ಯಾವ ಬ್ಯಾಕ್ಟೀರಿಯಾವೂ ಮರಿಹಾಕದು.

ಸಾಲ್ಮೊನೆಲ್ಲಾದಂಥ ರೋಗಾಣುಗಳಿಗೂ ಬೇಗ ಒಣಗುವ ಜಾಗ ಅಷ್ಟಾಗಿ ಒಗ್ಗದು. ನಾರ್ವೆಯ ಸಂಶೋಧಕರು ಪಾತ್ರೆ ತೊಳೆಯುವ ಬ್ರಷ್ಷನ್ನೂ ಸ್ಪಂಜನ್ನೂ ಹೋಲಿಸಿದಾಗ, ಒಣಗುವ ಬ್ರಷ್ಷಿನಲ್ಲಿ ಸಾಲ್ಮೊನೆಲ್ಲಾ ಬೇಗ ಕುಗ್ಗಿತು, ಸ್ಪಂಜಿನಲ್ಲಿ ಉಳಿದುಕೊಂಡಿತು. ತೆಂಗಿನ ನಾರೂ ಬ್ರಷ್ಷಿನ ಜಾತಿಯದೇ. ಎಳೆ ದಪ್ಪ, ಎಳೆಗಳ ನಡುವೆ ಅಗಲ ಸಂದು. ಕೊಡವಿ ಮೊಳೆಗೆ ಸಿಕ್ಕಿಸಿದರೆ ಶಿರಾದ ಒಣಗಾಳಿಗೆ ತೇವ ಬೇಗ ಆರುತ್ತದೆ. ನಾನ್‌ಸ್ಟಿಕ್ ತವಾಗೆ ಮಾತ್ರ ಅದನ್ನು ಮುಟ್ಟಿಸಬೇಡಿ.

ಸ್ಪಂಜೇ ಬೇಕೆನ್ನುವವರು ಒಂದನ್ನು ಕೊಯ್ದು ಎರಡು ಮಾಡಿ, ಒಂದು ಒಣಗುವಾಗ ಇನ್ನೊಂದನ್ನು ಬಳಸಲಿ. ಹಸಿ ಮಾಂಸದ ರಸ ಒರೆಸಿದ್ದನ್ನು ಆಗಲೇ ಎಸೆಯಬೇಕು. ನೆಲ ಒರೆಸುವ ಬಟ್ಟೆಗೂ ಇದೇ ಲೆಕ್ಕ: ಬಕೆಟ್ಟಿನಲ್ಲಿ ಮುದುರಿ ಬಿಡದೆ ತಂತಿಗೆ ಹರವಬೇಕು. ಹಳೆ ಸ್ಪಂಜನ್ನು ಬಚ್ಚಲು ತಿಕ್ಕಲು ಕಳಿಸುವುದು ಸರಿ, ಆದರೆ ಅದು ಮತ್ತೆ ಅಡುಗೆಮನೆಗೆ ಬರಕೂಡದು. ಸವೆದ ನಾರನ್ನು ತಿಪ್ಪೆಗೆ ಹಾಕಬಹುದು. ಲಿಗ್ನಿನ್ ಹೆಚ್ಚಿರುವುದರಿಂದ ನಿಧಾನವಾಗಿಯಾದರೂ ಗೊಬ್ಬರವಾಗುತ್ತದೆ. ಸ್ಪಂಜು ಹಾಗಲ್ಲ, ಪುಡಿಯಾದರೂ ಪ್ಲಾಸ್ಟಿಕ್ಕೇ. ಅದು ಒಣಕಸದ ಡಬ್ಬಿಗೆ.