ಒಂದಿಷ್ಟು ಮೆಲ್ಬರ್ನಿಗೆ, ಉಳಿದದ್ದು ಊರಿಗೆ

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಗಳಲ್ಲಿ ಹಳೆಯ ಮನೆ ಹುಡುಕುವುದು ಈಗ ಕಷ್ಟವಲ್ಲ. ಎರಡು ಅಪಾರ್ಟ್‌ಮೆಂಟುಗಳ ನಡುವೆ ರಸ್ತೆಗೆ ಬಿಸಿಲು ಬಿದ್ದಿದ್ದರೆ ಅಲ್ಲೊಂದು ಹಳೆಯ ಮನೆ ಉಳಿದಿದೆ ಎಂದೇ ಲೆಕ್ಕ. 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಬಸವನಗುಡಿಯಲ್ಲಿ ನಾನು ನೋಡಹೋದ ಮನೆ ಐವತ್ತರ ದಶಕದ್ದು. ಯಜಮಾನರು ನಿವೃತ್ತ ಎಂಜಿನಿಯರ್, ಮನೆಯಾಕೆ ನಿವೃತ್ತ ಶಿಕ್ಷಕಿ. ಒಬ್ಬಳೇ ಮಗಳು ಮೆಲ್ಬರ್ನಿನಲ್ಲಿ. ಇಬ್ಬರೂ ಅಲ್ಲಿಗೇ ಹೊರಟಿದ್ದಾರೆ. ಮೂರು ತಲೆಮಾರು ಕೂಡಿಟ್ಟ ಸಾಮಾನು ಕೋಣೆ ಕೋಣೆಯಿಂದ ಹೊರಬೀಳುತ್ತಿದೆ.

ನಡುಮನೆಗೆ ಕಾಲಿಟ್ಟರೆ ಕೆಂಪು ಗಾರೆ ನೆಲದ ಮೇಲೆ ಕಾಲಿಡಲು ಜಾಗವಿಲ್ಲ. ಪ್ರತಿ ವಸ್ತುವಿಗೂ ಒಂದು ಚೀಟಿ ಅಂಟಿದೆ. ನೀಲಿ ಎಂದರೆ ವಿಮಾನ, ಹಸಿರು ಎಂದರೆ ಹಡಗು. ಹಳದಿಯ ಮೇಲೆ ಮಾತ್ರ ಪ್ರಶ್ನೆ: ‘ಯಾರಿಗೆ?’ ಸುತ್ತ ಕಣ್ಣಾಡಿಸಿದರೆ ಮನೆಯೇ ಹಳದಿ. ನೀಲಿ ಚೀಟಿಯ ಭಾಗ್ಯ ಪಡೆದದ್ದು ಔಷಧಿ ಪೆಟ್ಟಿಗೆ, ಕಾಗದಪತ್ರ, ಎರಡು ಮೈಸೂರು ಸಿಲ್ಕ್ ಸೀರೆ, ಫಿಲ್ಟರ್ ಕಾಫಿಯ ಸರಂಜಾಮು.

ನಡುವೆ ತೂಗುಮಣೆ. ಬೀಟೆ ಮರದ ಒಂದೇ ಹಲಗೆ, ಹಿತ್ತಾಳೆ ಸರಪಳಿ. ಇದನ್ನು ಒಯ್ಯಲೇಬೇಕೆಂದು ಯಜಮಾನರು ಹಟ ಹಿಡಿದಿದ್ದರಂತೆ. ಅಷ್ಟರಲ್ಲಿ ಕಾನೂನು ಅಡ್ಡ ಬಂತು. ಬೀಟೆಯೂ ಸೇರಿದಂತೆ ಆ ಕುಲದ ಮರಗಳು 2017ರಿಂದ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಹತೋಟಿಯಲ್ಲಿವೆ. ಗಡಿ ದಾಟಿಸುವ ಮುನ್ನ ಪರವಾನಗಿ ಬೇಕೋ ಬೇಡವೋ ಎಂದು ವಿಚಾರಿಸಿಕೊಳ್ಳಬೇಕು. ಅದನ್ನು ತುಂಬುವ ಮರದ ಪೆಟ್ಟಿಗೆಯದೂ ಬೇರೆ ಕಥೆ. ಹುಳ ಸಾಯಲೆಂದು ಪೆಟ್ಟಿಗೆಯ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಯಬೇಕು, ಇಲ್ಲವೇ ಅದಕ್ಕೆ ಒಪ್ಪಿತವಾದ ಬೇರೆ ಉಪಚಾರ ಆಗಬೇಕು. ಅದಕ್ಕೆ ಸಾಕ್ಷಿಯಾಗಿ ಮುದ್ರೆಯೂ ಇರಬೇಕು. ‘ಉಯ್ಯಾಲೆಗಿಂತ ಪೆಟ್ಟಿಗೆಯ ಉಪಚಾರವೇ ಜಾಸ್ತಿ ಆಯ್ತು ನೋಡಿ’ ಎಂದು ನಕ್ಕರು. ಚೀಟಿ ಹಸಿರಿನಿಂದ ಹಳದಿಗೆ ತಿರುಗಿತು. ತೂಗುಮಣೆ ಮೈಸೂರಿನ ತಮ್ಮನ ಮನೆಗೆ.

ಅಡುಗೆಮನೆಯಲ್ಲಿ ತಾಮ್ರದ ಹಂಡೆ, ಕೊಳದಪ್ಪಲೆ, ಹಿತ್ತಾಳೆ ತಪ್ಪಲೆಗಳ ರಾಶಿ. ಒಂದನ್ನು ಬೆಳಕಿಗೆ ಹಿಡಿದೆ. ಕಂಠದ ಸುತ್ತ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಕೊಟ್ಟವರ ಹೆಸರು, ಊರು, ‘ಉಪನಯನದ ಜ್ಞಾಪಕಾರ್ಥ’, ಕೊನೆಗೆ ತಾರೀಖು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಇಸವಿಯ ಕೊನೆಯ ಅಂಕಿ ಸವೆದುಹೋಗಿದೆ. ಗುಜರಿಯವನಿಗೆ ಇದ್ಯಾವುದೂ ಬೇಡ. ತಾಮ್ರಕ್ಕೊಂದು ದರ, ಹಿತ್ತಾಳೆಗೊಂದು ದರ, ಹೆಸರಿಗೆ ತೂಕವಿಲ್ಲ. ಆದ್ದರಿಂದ ಮನೆಯಾಕೆ ಪಾತ್ರೆಗಳನ್ನು ಎರಡು ಪಾಲು ಮಾಡಿದ್ದಾರೆ. ಹೆಸರಿಲ್ಲದ್ದು ಗುಜರಿಗೆ, ಹೆಸರಿದ್ದದ್ದು ಆ ಹೆಸರಿನವರ ಮಕ್ಕಳಿಗೋ ಮೊಮ್ಮಕ್ಕಳಿಗೋ. ಫೋನು ಮಾಡಿದರೆ ಕೆಲವರಿಗೆ ಆಶ್ಚರ್ಯ, ಕೆಲವರಿಗೆ ಪೇಚಾಟ: ‘ನಮ್ಮ ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿ ಇಡೋದು?’

ದೇವರ ಕೋಣೆಯಲ್ಲಿ ಆಯ್ಕೆ ಇನ್ನೂ ಬಿಗಿ. ಆಸ್ಟ್ರೇಲಿಯಾ ಹೊರಗಿನ ಕೀಟ, ರೋಗ, ಬೀಜಗಳನ್ನು ಒಳಬಿಡದ ದೇಶ. ಧಾನ್ಯ, ಮರ, ಬಿದಿರು, ಒಣಹುಲ್ಲು ಏನೇ ಇದ್ದರೂ ಇಳಿದೊಡನೆ ಘೋಷಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಹಾಗಾಗಿ ಬಾಗಿಲ ಭತ್ತದ ತೋರಣ, ಗೌರಿ ಬಾಗಿನದ ಮೊರಗಳು, ಕಲಶದ ತೆಂಗಿನಕಾಯಿ ಇಲ್ಲೇ ಉಳಿದವು. ಕೃಷ್ಣನ ಪಟಕ್ಕೆ ಸಿಕ್ಕಿಸಿದ್ದ ನವಿಲುಗರಿಯನ್ನೂ ತೆಗೆದಿಟ್ಟಿದ್ದಾರೆ, ಅದರ ರಫ್ತಿಗೆ ನಮ್ಮಲ್ಲೇ ನಿಷೇಧವಿದೆ. ಸಾಲಿಗ್ರಾಮಗಳಿದ್ದ ಸಂಪುಷ್ಟದ ಮೇಲೆ ಯಾವ ಬಣ್ಣದ ಚೀಟಿಯೂ ಇಲ್ಲ. ನಿತ್ಯ ಅಭಿಷೇಕ, ನೈವೇದ್ಯ ತಪ್ಪಬಾರದು, ಅಲ್ಲಿ ತಮ್ಮಿಂದ ಆದೀತೆಂಬ ಧೈರ್ಯ ಯಜಮಾನರಿಗಿಲ್ಲ. ಉಡುಪಿಯಲ್ಲಿರುವ ದಾಯಾದಿಯೊಬ್ಬರು ಒಪ್ಪಿಕೊಂಡಿದ್ದಾರೆ. ಕೊಡುವ ದಿನವನ್ನು ಪಂಚಾಂಗ ನೋಡಿ ಇಟ್ಟುಕೊಂಡಿದ್ದಾರೆ.

ಏಣಿ ಹತ್ತಿದರೆ ಅಟ್ಟ. ಬಂಗಾರಕ್ಕಿಂತ ಹೆಚ್ಚಿನದು ಇರುವುದು ಇಲ್ಲೇ. ಅತ್ತೆಯವರು ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟಗಳನ್ನಷ್ಟೇ ಕಿತ್ತು, ಗೋಣಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ ಪುಸ್ತಕಗಳ ಸಾಲು. ಕಾದಂಬರಿಯ ಬೆನ್ನಿಗೇ ಆ ಕಾಲದ ಹೊಲಿಗೆ ಯಂತ್ರದ, ಕೂದಲೆಣ್ಣೆಯ ಜಾಹೀರಾತುಗಳು. ಅಚ್ಚಾದ ಕಾದಂಬರಿ ಎಲ್ಲಾದರೂ ಸಿಗುತ್ತದೆ, ಈ ಹೊಲಿಗೆ ಸಿಗುವುದಿಲ್ಲ. ಎರಡಕ್ಕೆ ಹಸಿರು ಚೀಟಿ, ಉಳಿದವು ಓದುವ ಹುಚ್ಚಿನ ಸಂಬಂಧಿಯೊಬ್ಬಳಿಗೆ.

ಮೂಲೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟು. ಇದನ್ನು ಸೂಟ್‌ಕೇಸಿಗೆ ಹಾಕುವುದು ಅಪರಾಧವಾದೀತು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಚಿತ್ರ, ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಾಹಿತ್ಯಿಕ, ಚಾರಿತ್ರಿಕ ಅಥವಾ ವೈಜ್ಞಾನಿಕ ಮೌಲ್ಯದ ಹಸ್ತಪ್ರತಿಗಾದರೆ 75 ವರ್ಷವೇ ಮಿತಿ. ವಸ್ತು ಹಳೆಯದಲ್ಲ, ಹಳೆಯದರಂತೆ ಕಾಣುತ್ತದಷ್ಟೇ ಎಂದಾದರೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಓಲೆಗರಿಗೆ ಆ ದಾರಿಯನ್ನು ನೆಚ್ಚುವಂತಿಲ್ಲ. ಕಟ್ಟನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸುವುದೆಂದು ತೀರ್ಮಾನವಾಗಿದೆ. 1891ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು, 1909ರಲ್ಲಿ ಅದು ಅಚ್ಚಾದದ್ದು. ಈ ಕಟ್ಟಿನಲ್ಲಿ ಬರೀ ಜಾತಕ, ಮದ್ದಿನ ಪಟ್ಟಿ ಇದ್ದರೂ ಇರಬಹುದು. ಓದಬಲ್ಲವರ ಕೈಗೆ ಹೋದರೆ ತಾನೇ ಗೊತ್ತಾಗುವುದು?

ಕಾಗದಪತ್ರದ ಮೇಜಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಖಾತಾ, ಕ್ರಯಪತ್ರ, ಋಣಭಾರ ಪತ್ರ ಒಂದು ಕಡತದಲ್ಲಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಗೆ ಬದಲಾಯಿಸುವ ಅರ್ಜಿ ಇನ್ನೊಂದರಲ್ಲಿ. ಅಧಿಕಾರ ಪತ್ರ ಇಲ್ಲೇ ನೋಂದಣಿಯಾಗಿದೆ. ಅಲ್ಲಿಗೆ ಹೋದ ಮೇಲೆ ಬೇಕೆಂದರೆ ಭಾರತೀಯ ದೂತಾವಾಸದ ಮೆಟ್ಟಿಲು ಹತ್ತಬೇಕು.

ಹಿತ್ತಿಲಲ್ಲಿ ಕರಿಬೇವಿನ ಬುಡದ ಮರಿಗಳು ಹಾಲಿನ ಪ್ಯಾಕೆಟ್ಟುಗಳಲ್ಲಿ ಸಾಲಾಗಿ ಕೂತಿವೆ, ಬೀದಿಯ ಮನೆಮನೆಗೂ ಒಂದೊಂದು. ಒರಳುಕಲ್ಲು ಆಗಲೇ ಮೂಲೆ ಹೋಟೆಲಿನವನ ಪಾಲಾಗಿದೆ.

ಸಾಗಣೆಯವರು ಬಂದರೆ ನೀಲಿ, ಹಸಿರು ಚೀಟಿಯದ್ದೆಲ್ಲ ಒಂದೇ ದಿನದಲ್ಲಿ ರಟ್ಟಿನ ಪೆಟ್ಟಿಗೆ ಸೇರುತ್ತದೆ. ಕಾಲ ತಿನ್ನುವುದು ಹಳದಿ ಚೀಟಿ. ವಸ್ತುವಿಗೆ ತಕ್ಕ ಮನೆ ಹುಡುಕಬೇಕು, ಅವರು ಒಪ್ಪಬೇಕು, ಬಂದು ಒಯ್ಯಬೇಕು. ಮನೆಯಾಕೆ ಆ ಕೆಲಸವನ್ನು ಯುಗಾದಿಗೇ ಶುರುಮಾಡಿದ್ದಾರೆ, ಟಿಕೆಟ್ಟು ತೆಗೆಯುವುದಕ್ಕೂ ಮೊದಲು. ಅವರ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಸಾಮಾನು, ಬಲಕ್ಕೆ ಹೆಸರು. ಹೊರದೇಶಕ್ಕೆ ಹೊರಡುವವರು ಮೊದಲು ಬರೆಯಬೇಕಾದ ಪಟ್ಟಿಯೂ ಇದೇ ಇರಬೇಕು. ಬಲಗಡೆ ಇನ್ನೂ ಖಾಲಿ ಇರುವ ಸಾಲುಗಳನ್ನು ಓದಿ ಹೇಳಿದರು: ಹಾರ್ಮೋನಿಯಂ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಉಪ್ಪಿನಕಾಯಿ ಜಾಡಿ ನಾಲ್ಕು. ಬೇಕಾದವರು ಗೌರಿ ಹಬ್ಬದೊಳಗೆ ಬರಬೇಕಂತೆ, ಆಟೋ ಖರ್ಚು ಅವರವರದೇ.