ಮಲಬದ್ಧತೆ: ಉಮ್ಮ ಹೇಳದಿದ್ದರೆ ನಾವೇ ಕೇಳೋಣ

ಶುಗರ್ ಎಷ್ಟು, ಬಿಪಿ ಎಷ್ಟು ಅಂತ ನಮ್ಮ ಮನೆಗಳಲ್ಲಿ ಎಲ್ಲರೆದುರೇ ಮಾತಾಡುತ್ತೇವೆ. ಹೊಟ್ಟೆ ಸರಿ ಹೋಗುತ್ತಿಲ್ಲ ಎನ್ನಲು ಮಾತ್ರ ಎಲ್ಲಿಲ್ಲದ ನಾಚಿಕೆ. ವಯಸ್ಸಾದ ಉಮ್ಮ ಮಗನಲ್ಲಂತೂ ಹೇಳುವುದೇ ಇಲ್ಲ. ಸೊಸೆ ಕೇಳಿದರೂ ‘ಗ್ಯಾಸ್ ಅಷ್ಟೇ’ ಎಂದು ಮುಗಿಸಿಬಿಡುತ್ತಾರೆ.

ದಿನವೂ ಹೋಗದಿದ್ದರೆ ರೋಗ ಎಂದೇನಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೂ ಸಹಜವೇ. ಅದಕ್ಕಿಂತ ಕಡಿಮೆಯಾದರೆ, ಮಲ ಆಡಿನ ಹಿಕ್ಕೆಯಂತೆ ಗಟ್ಟಿಯಾದರೆ, ತಿಣುಕಬೇಕಾದರೆ, ಹೋಗಿ ಬಂದ ಮೇಲೂ ಇನ್ನೂ ಬಾಕಿ ಇದೆ ಅನಿಸಿದರೆ ಅದು ಮಲಬದ್ಧತೆ. ಹಿರಿಯರು ಊಟ ಬೇಡವೆನ್ನುವುದಕ್ಕೂ ಕೆಲವೊಮ್ಮೆ ಇದೇ ಕಾರಣ.

ಮನೆಯವರು ಮೋಸಹೋಗುವ ಜಾಗ ಒಂದಿದೆ. ಹಾಸಿಗೆ ಹಿಡಿದವರಿಗೆ ನಾಲ್ಕೈದು ದಿನ ಏನೂ ಆಗದೆ, ಆಮೇಲೆ ಇದ್ದಕ್ಕಿದ್ದಂತೆ ನೀರು ನೀರಾಗಿ ಹೋಗತೊಡಗುತ್ತದೆ. ನಾವು ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ಕೊಡುತ್ತೇವೆ. ಒಳಗೆ ಕಲ್ಲಿನಂತೆ ಕಟ್ಟಿಕೊಂಡ ಮಲದ ಬದಿಯಿಂದ ಜಾರಿ ಬರುವ ನೀರು ಅದಾಗಿರಬಹುದು. ಮಾತ್ರೆ ಕೊಟ್ಟರೆ ಕಟ್ಟಿಕೊಂಡದ್ದು ಇನ್ನಷ್ಟು ಬಿಗಿಯಾಗುತ್ತದೆ. ಇಂಥಾಗ ಡಾಕ್ಟರ್ ನೋಡಲೇಬೇಕು.

ರಾತ್ರಿ ಮೂತ್ರಕ್ಕೆ ಏಳಬೇಕಲ್ಲ ಅಂತ ನೀರು ಕುಡಿಯದ ಹಿರಿಯರು ಬಹಳ. ಉಪವಾಸದ ತಿಂಗಳಲ್ಲಿ ನಮ್ಮ ಹೊಟ್ಟೆಯಲ್ಲಿ ಇಫ್ತಾರಿನ ಎಣ್ಣೆ ತಿಂಡಿಗೆ ಜಾಗ ಇರುತ್ತದೆ, ನೀರಿಗೆ ಇರುವುದಿಲ್ಲ! ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳೂ ಮಲ ಕಟ್ಟುತ್ತವೆ. ಥೈರಾಯ್ಡ್ ಕಡಿಮೆಯಿದ್ದರೂ ಹೀಗಾಗುತ್ತದೆ. ಮಾತ್ರೆಯನ್ನು ನಾವಾಗಿ ನಿಲ್ಲಿಸುವುದು ಬೇಡ, ಚೀಟಿ ಸಮೇತ ಡಾಕ್ಟರಿಗೆ ತೋರಿಸೋಣ. ಬಸಳೆ, ಹರಿವೆ, ಪಪ್ಪಾಯಿ, ಸ್ವಲ್ಪ ನಡಿಗೆ ಇವೆಲ್ಲ ಒಳ್ಳೆಯದೇ. ಹೃದಯ, ಕಿಡ್ನಿಯ ತೊಂದರೆ ಇರುವವರು ಮಾತ್ರ ನೀರೆಷ್ಟು ಎಂದು ಕೇಳಿಕೊಳ್ಳಬೇಕು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಬಾರದು. ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ, 50 ದಾಟಿದ ಮೇಲೆ ಹೊಸದಾಗಿ ಮಲಬದ್ಧತೆ ಶುರುವಾಗಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಕರುಳಿನ ಕ್ಯಾನ್ಸರಿಗೂ ಇವೇ ಲಕ್ಷಣ; ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ.

ಹೊಟ್ಟೆ ಉಬ್ಬಿ, ತೀವ್ರ ನೋವು, ವಾಂತಿ, ಜೊತೆಗೆ ಗಾಳಿಯೂ ಹೋಗುತ್ತಿಲ್ಲ ಎಂದಾದರೆ ಬೆಳಗಿನವರೆಗೆ ಕಾಯುವಂತಿಲ್ಲ. ಕರುಳು ಕಟ್ಟಿಕೊಂಡಿರಬಹುದು. ಆ ಹೊತ್ತಲ್ಲಿ ಹರಳೆಣ್ಣೆ ಕುಡಿಸಬೇಡಿ, ಊಟವನ್ನೂ ಕೊಡಬೇಡಿ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಯ ಬಾರಿ ಹೋದದ್ದು ಯಾವಾಗ ಎಂದು ಅಲ್ಲಿ ಕೇಳುತ್ತಾರೆ. ಹೊರಡುವ ಮೊದಲೇ ಉಮ್ಮನಲ್ಲಿ ಕೇಳಿಟ್ಟುಕೊಳ್ಳಿ.